ಹಾರ್ವರ್ಡ್‌ನಲ್ಲಿ ಕೂತು ಎಮರ್ಸನ್ ಕಾಗದ ಓದಿದ್ದು

ಭಾನುವಾರ

ರಾಲ್ಫ್ ವಾಲ್ಡೊ ಎಮರ್ಸನ್ ಬರೆದ ಕಾಗದಗಳನ್ನ ಅವನ ಕೈಬರಹದಲ್ಲೇ ನೋಡ್ಬೇಕು ಅಂತ ಬಹಳ ವರ್ಷದಿಂದ ಆಸೆ ಇತ್ತು, ಈ ಸೆಪ್ಟೆಂಬರ್ ಕೊನೇಲಿ ರಜ ಸಿಕ್ತು, ನ್ಯೂಜೆರ್ಸಿಯಿಂದ ಬಸ್ ಹತ್ತಿ ಬಾಸ್ಟನ್‌ಗೆ ಬಂದಿಳಿದೆ. ದೊಡ್ಡಮ್ಮನ ಮಗಳು ಇರೋದು ಆಕ್ಟನ್‌ನಲ್ಲಿ, ಅದು ಎಮರ್ಸನ್ ಬಾಳಿದ ಕಾಂಕರ್ಡ್‌ಗೆ ಪಕ್ಕದ ಊರು, ಹಾಗಾಗಿ ಉಳ್ಕೊಳ್ಳೋ ಚಿಂತೆ ಇರ್ಲಿಲ್ಲ. ಭಾವ ಸ್ಟೇಷನ್‌ಗೆ ಕಾರ್ ತಂದಿದ್ರು. ಮನೇಲಿ ಅಕ್ಕನ ಮಾವನವರೂ ಇದ್ರು, ಊರಿಂದ ಆರು ತಿಂಗಳಿಗೆ ಅಂತ ಬಂದವರು, ತೀರ್ಥಹಳ್ಳಿ ಕಡೆ ಪೋಸ್ಟ್ ಮಾಸ್ಟರ್ ಆಗಿ ರಿಟೈರ್ ಆದವರು. ನಾನು ಬಂದಿದ್ದು ಹಳೇ ಕಾಗದ ಓದೋಕೆ ಅಂತ ಗೊತ್ತಾದ ತಕ್ಷಣ ಅವರು ಟಿವಿ ಆಫ್ ಮಾಡಿ ನನ್ನ ಪಕ್ಕ ಬಂದು ಕೂತ್ರು. "ಯಾರದ್ದಮ್ಮ ಕಾಗದ? ಎಷ್ಟು ವರ್ಷದ್ದು?"

ಹೇಳಿದೆ. 1803ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದವನು, ತಲೆತಲಾಂತರದಿಂದ ಪಾದ್ರಿಗಳ ಮನೆತನ, ಇವನೂ 1829ರಲ್ಲಿ ಬಾಸ್ಟನ್‌ನ ಸೆಕೆಂಡ್ ಚರ್ಚ್‌ಗೆ ಪಾದ್ರಿ ಆದ, 1832ರಲ್ಲಿ, ಪ್ರಭು ಭೋಜನದ ವಿಧಿ (ಯೇಸುವಿನ ನೆನಪಿಗೆ ಚರ್ಚಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚೋದು) ಮಾಡ್ಸೋಕೆ ನನ್ನ ಮನಸ್ಸು ಒಪ್ಪಲ್ಲ ಅಂತ ಕಾಗದ ಬರೆದು ರಾಜೀನಾಮೆ ಕೊಟ್ಟ. ಆಮೇಲೆ ಭಾಷಣ ಮಾಡ್ಕೊಂಡು, ಪ್ರಬಂಧ ಬರ್ಕೊಂಡು ಅಮೆರಿಕಾದ ದೊಡ್ಡ ತತ್ವಜ್ಞಾನಿ ಅನ್ನಿಸಿಕೊಂಡ. ನಮ್ಮ ಉಪನಿಷತ್ತು ಗೀತೆ ಎಲ್ಲ ಓದಿದವನು. ಬದುಕಿನುದ್ದಕ್ಕೂ ಕಾಗದ ಬರೆದ, ಅಚ್ಚಾಗಿರೋವೇ ಹತ್ತು ದಪ್ಪ ಸಂಪುಟ ಇವೆ. ಮೊದಲ ಆರು ರಾಲ್ಫ್ ರಸ್ಕ್ ಅನ್ನೋ ವಿದ್ವಾಂಸ 1939ರಲ್ಲಿ ತಂದಿದ್ದು, ಉಳಿದ ನಾಲ್ಕು ಎಲಿನಾರ್ ಟಿಲ್ಟನ್ ಅವರು 1990ರಿಂದೀಚೆಗೆ ತಂದಿದ್ದು.

ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹತ್ತು ಸಂಪುಟ ಬರೆಸಿಕೊಂಡವರು ಎಷ್ಟು ಜನ ಇದ್ದಿರಬೇಕು" ಅಂದ್ರು.

ಸೋಮವಾರ

ಸೌತ್ ಆಕ್ಟನ್‌ನಲ್ಲಿ ಫಿಚ್‌ಬರ್ಗ್ ಲೈನ್ ಟ್ರೈನ್ ಹತ್ತಿ ಪೋರ್ಟರ್‌ನಲ್ಲಿ ಇಳಿದು, ರೆಡ್ ಲೈನ್‌ನಲ್ಲಿ ಒಂದೇ ಸ್ಟಾಪ್, ಹಾರ್ವರ್ಡ್. ಹೌಟನ್ ಲೈಬ್ರರಿ ಇರೋದು ಕ್ಯಾಂಪಸ್ ಒಳಗೇ, 1942ರ ಇಟ್ಟಿಗೆ ಕಟ್ಟಡ. ಎಮರ್ಸನ್ ಕುಟುಂಬದ ಕಾಗದಪತ್ರ, ಡೈರಿ, ಭಾಷಣದ ಹಸ್ತಪ್ರತಿ ಬಹುಪಾಲು ಇಲ್ಲೇ ಇರೋದು. ನಾವು ನಿಮ್ಮಂಥವರು ಹೋಗ್ಬಹುದಾ ಅಂತ ತುಂಬಾ ಜನ ಕೇಳ್ತಾರೆ, ಹೋಗ್ಬಹುದು, ಪ್ರೊಫೆಸರ್ ಆಗಿರ್ಬೇಕು ಅಂತೇನಿಲ್ಲ. ಮೊದಲೇ ಆನ್‌ಲೈನಲ್ಲಿ ಅಕೌಂಟ್ ಮಾಡಿ ಯಾವ ಬಾಕ್ಸ್ ಬೇಕು ಅಂತ ರಿಕ್ವೆಸ್ಟ್ ಹಾಕಿಡ್ಬೇಕು, ಹೋದಾಗ ಫೋಟೋ ಇರೋ ಐಡಿ ತೋರಿಸ್ಬೇಕು, ಬ್ಯಾಗು ಕೋಟು ಲಾಕರ್‌ಗೆ. ಪೆನ್ನು ಒಳಗೆ ಬಿಡಲ್ಲ, ಪೆನ್ಸಿಲ್ ಮಾತ್ರ. ಬಿಳಿ ಗ್ಲೌಸ್ ಹಾಕ್ಕೊಂಡು ಮುಟ್ಬೇಕೇನೋ ಅಂದ್ಕೊಂಡಿರ್ತೀವಲ್ಲ, ಹಾಗಿಲ್ಲ, ಗ್ಲೌಸ್ ಹಾಕಿದ್ರೆ ಬೆರಳಿಗೆ ಅಂದಾಜು ಸಿಗದೆ ಹಾಳೆ ಹರಿಯೋದೇ ಹೆಚ್ಚು, ಕೈ ತೊಳೆದು ಚೆನ್ನಾಗಿ ಒರೆಸಿಕೊಂಡ್ರೆ ಸಾಕು. ಒಂದು ಸಲಕ್ಕೆ ಒಂದೇ ಫೋಲ್ಡರ್.

ಮೊದಲ ಹಾಳೆ ಕೈಗೆ ಬಂದಾಗ ಓದೋಕೇ ಆಗ್ಲಿಲ್ಲ, ಸುಮ್ಮನೆ ನೋಡ್ತಾ ಕೂತಿದ್ದೆ. ಆ ಕಾಲದ ಕಾಗದ ಹಳೇ ಬಟ್ಟೆಯಿಂದ ಮಾಡಿದ್ದು, ಅದಕ್ಕೇ ಇನ್ನೂ ಗಟ್ಟಿಯಾಗಿದೆ, ಇಂಕು ಮಾತ್ರ ಕಪ್ಪು ಹೋಗಿ ಕಂದು ಆಗಿದೆ. ಲಕೋಟೆ ಇಲ್ಲ. ಒಂದೇ ದೊಡ್ಡ ಹಾಳೇನ ಎರಡಾಗಿ ಮಡಚಿ ಮೂರು ಪುಟ ಬರೆದು, ನಾಲ್ಕನೇ ಪುಟದ ಮಧ್ಯ ಖಾಲಿ ಬಿಟ್ಟು, ಮತ್ತೆ ಮಡಚಿ ಆ ಖಾಲಿ ಜಾಗ ಹೊರಗೆ ಬರೋ ಹಾಗೆ ಮಾಡಿ ಅಲ್ಲಿ ವಿಳಾಸ, ಹಿಂದುಗಡೆ ಅರಗಿನ ಸೀಲು. ಸೀಲು ಒಡೆಯುವಾಗ ಹರಿದುಹೋದ ಚೂರು ಜಾಗದಲ್ಲಿ ಒಂದೆರಡು ಪದ ಹೋಗಿಬಿಟ್ಟಿರುತ್ತೆ. ಹಾಳೆ ಮೇಲೆ ಮಡಿಕೆಯ ಗೆರೆಗಳು ಹಾಗೇ ಇವೆ, ಅದೇ ಗೆರೆ ಹಿಡಿದು ಮಡಚಿದ್ರೆ ಇವತ್ತೂ ಪೋಸ್ಟ್ ಮಾಡ್ಬಹುದು ಅನ್ನಿಸುತ್ತೆ.

ಹರೆಯದಲ್ಲಿ ಅವನು ಹೆಚ್ಚು ಬರೆದಿದ್ದು ಸೋದರತ್ತೆ ಮೇರಿ ಮೂಡಿ ಎಮರ್ಸನ್‌ಗೆ. ಅಪ್ಪ 1811ರಲ್ಲೇ ತೀರಿಹೋಗಿದ್ರು, ಆಗ ಇವನಿಗೆ ಎಂಟು ವರ್ಷ ತುಂಬಿರ್ಲಿಲ್ಲ, ಹುಡುಗರ ಬುದ್ಧಿ ಬೆಳೆಸಿದ್ದು ಈ ಮದುವೆಯಾಗದ ಅತ್ತೆ. ಶಾಲೆ ಕಾಲೇಜು ಕಾಣದ ಹೆಂಗಸು, ಆದ್ರೆ ಸಿಕ್ಕಿದ್ದೆಲ್ಲ ಓದಿದ್ದಾಳೆ, ಹುಡುಗನ್ನ ಕಾಗದದಲ್ಲೇ ಚಾಲೆಂಜ್ ಮಾಡ್ತಾಳೆ, ಬೈತಾಳೆ, ಹೊಗಳ್ತಾಳೆ. ನಿಮ್ಮ ಹಿಂದೂ ಪುರಾಣಗಳನ್ನ ಓದೋಕೆ ನಂಗೆ ಕುತೂಹಲ ಇದೆ ಅಂತ 1822ರಲ್ಲೇ ಅವನು ಅತ್ತೆಗೆ ಬರೀತಾನೆ, ರಾಮಮೋಹನ ರಾಯರ ಹೆಸರು ಬಾಸ್ಟನ್ ಪಾದ್ರಿಗಳ ಬಾಯಲ್ಲಿ ಓಡಾಡ್ತಿದ್ದ ಕಾಲ ಅದು, ಇವನಿಗೆ ಆಗ ಹತ್ತೊಂಬತ್ತು. ಮುಂದೆ ಅತ್ತೆಯ ಕಾಗದಗಳಿಂದ ತನಗೆ ಬೇಕಾದ್ದನ್ನೆಲ್ಲ ನಾಲ್ಕು ನೋಟ್‌ಬುಕ್ಕಿಗೆ ಕೈಯಾರೆ ಕಾಪಿ ಮಾಡಿ ಇಟ್ಕೊಂಡ. ಎಮರ್ಸನ್ ಮಾತು ಅಂತ ನಾವು ಓದೋದ್ರಲ್ಲಿ ಈ ಅತ್ತೆಯ ಪಾಲು ಎಷ್ಟಿದೆ ಅಂತ ಈಗೀಗ ವಿದ್ವಾಂಸರು ಸರಿಯಾಗಿ ಹೇಳ್ತಿದ್ದಾರೆ, ಇನ್ನೂ ಮುಂಚೇನೇ ಹೇಳ್ಬೇಕಿತ್ತು.

ರಾತ್ರಿ ಊಟ ಆದ್ಮೇಲೆ ಮಾವನವರಿಗೆ ಅಂಚೆ ದರದ ಕಥೆ ಹೇಳಿದೆ. 1845ಕ್ಕೆ ಮುಂಚೆ ಅಮೆರಿಕಾದಲ್ಲಿ ಹಾಳೆ ಲೆಕ್ಕ, ದೂರದ ಲೆಕ್ಕ. ಮೂವತ್ತು ಮೈಲಿ ಒಳಗೆ ಒಂದು ಹಾಳೆಗೆ 6 ಸೆಂಟು, ನೂರೈವತ್ತು ದಾಟಿ ನಾನೂರು ಮೈಲಿ ತನಕ 18 ಮುಕ್ಕಾಲು, ಅದಕ್ಕೂ ಆಚೆ 25 ಸೆಂಟು. ಎರಡು ಹಾಳೆ ಇಟ್ರೆ ಡಬಲ್. ಕೂಲಿಯವನಿಗೆ ದಿನಕ್ಕೆ ಒಂದು ಡಾಲರ್ ಸಿಕ್ಕಿದ್ರೆ ಹೆಚ್ಚು ಅನ್ನೋ ಕಾಲ. ಅದೂ ದುಡ್ಡು ಕೊಡ್ತಿದ್ದದ್ದು ಹೆಚ್ಚಾಗಿ ಕಾಗದ ಬಿಡಿಸಿಕೊಳ್ಳೋರು, ಕಳಿಸಿದವರಲ್ಲ.

"ಹಾಗಾದ್ರೆ ಎಲ್ಲಾ ಬೇರಿಂಗ್ ಕಾಗದಗಳೇ!" ಅಂದ್ರು ಮಾವನವರು, ಕಣ್ಣು ಅರಳಿಸಿ. "ಬೇರಿಂಗ್ ಬಂದ್ರೆ ನಮ್ಮ ಕಡೆ ಜನ ತಗೊಳ್ಳೋಕೆ ಹಿಂದೆಮುಂದೆ ನೋಡ್ತಿದ್ರಮ್ಮ. ದುಡ್ಡು ಕೊಟ್ಟು ಬಿಡಿಸ್ಕೊಂಡ್ರು ಅಂದ್ರೆ ಬರೆದವರ ಮೇಲೆ ಅಷ್ಟು ಪ್ರೀತಿ ಇತ್ತು ಅಂತಲೇ."

ನಾನು ಲೈಬ್ರರೀಲಿ ಇಡೀ ದಿನ ಕೂತು ಯೋಚಿಸದೇ ಇದ್ದ ಮಾತು ಅದು. ಮಾರನೇ ದಿನದಿಂದ ವಿಳಾಸದ ಮೂಲೇಲಿ ಅಂಚೆಯವನು ಗೀಚಿದ ದರದ ಅಂಕಿಯನ್ನೂ ನೋಡೋಕೆ ಶುರು ಮಾಡಿದೆ.

ಮಂಗಳವಾರ

ಈ ದಿನ ಓದಬೇಕು ಅಂದ್ಕೊಂಡಿದ್ದು 1842ರ ಕಾಗದಗಳು.

ಎಮರ್ಸನ್‌ನ ಮೊದಲ ಹೆಂಡತಿ ಎಲೆನ್ 1831ರಲ್ಲಿ ಹತ್ತೊಂಬತ್ತನೇ ವಯಸ್ಸಿಗೇ ಕ್ಷಯದಲ್ಲಿ ಹೋದಳು. 1834ರಲ್ಲಿ ತಮ್ಮ ಎಡ್ವರ್ಡ್, 1836ರಲ್ಲಿ ಇನ್ನೊಬ್ಬ ತಮ್ಮ ಚಾರ್ಲ್ಸ್, ಇಬ್ಬರದೂ ಅದೇ ಕಾಯಿಲೆ. ಎರಡನೇ ಹೆಂಡತಿ ಲಿಡಿಯನ್‌ಗೆ ಹುಟ್ಟಿದ ಮೊದಲ ಮಗ ವಾಲ್ಡೊ. ಐದು ವರ್ಷ ಮೂರು ತಿಂಗಳ ಮಗು, ಸ್ಕಾರ್ಲೆಟ್ ಜ್ವರ ಬಂದು ಮೂರ್ನಾಲ್ಕು ದಿನಕ್ಕೆ, 1842ರ ಜನವರಿ 27ರ ರಾತ್ರಿ ಹೋಗ್ಬಿಡ್ತು. ಮಗು ಹೇಗಿದೆ ಅಂತ ಕೇಳ್ಕೊಂಡು ಬಾ ಅಂತ ಆಲ್ಕಾಟ್ ಅನ್ನೋರ ಮನೆಯವರು ತಮ್ಮ ಪುಟ್ಟ ಹುಡುಗಿನ ಕಳಿಸಿದ್ರಂತೆ, ಮುಂದೆ ದೊಡ್ಡ ಲೇಖಕಿಯಾದ ಲೂಯಿಸಾ ಮೇ ಆಲ್ಕಾಟ್ ಆ ಹುಡುಗಿ, ಬಾಗಿಲಿಗೆ ಬಂದ ಎಮರ್ಸನ್ "ಮಗೂ, ಅವನು ಹೋದ" ಅಂದಿದ್ದಷ್ಟೇ.

ಮಾರನೇ ದಿನವೇ ಅವನು ಕೂತು ಕಾಗದ ಬರೆದಿದ್ದಾನೆ. ಮೇರಿ ಅತ್ತೆಗೆ, ಗೆಳತಿ ಮಾರ್ಗರೆಟ್ ಫುಲ್ಲರ್‌ಗೆ, ಇನ್ನೂ ಕೆಲವರಿಗೆ. ಎಲ್ಲಾ ಪುಟ್ಟ ಪುಟ್ಟ ಕಾಗದ. ಅತ್ತೆಗೆ ಬರೆದಿದ್ದರ ಶುರುವೇ "ನನ್ನ ಮಗ, ನನ್ನ ಮಗ ಹೋದ" ಅಂತ. ಎರಡು ಸಲ ಬರೆದಿದ್ದಾನೆ. ಆಮೇಲೆ ಯಾವತ್ತು ಕಾಯಿಲೆ ಬಿತ್ತು, ಯಾವಾಗ ಹೋಯ್ತು ಅನ್ನೋದು, ಆಮೇಲೆ ನಿಮಗೆ ನಾನೇನೂ ಹೇಳಲಾರೆ ಅಂತ. ಬೇರೆ ಕಾಗದಗಳಲ್ಲಿ ಮೂರು ಪುಟ ಮೂಲೆ ಮೂಲೆಗೂ ತುಂಬಿಸೋ ಮನುಷ್ಯ ಇಲ್ಲಿ ಹಾಳೆಯ ಬಹುಪಾಲು ಖಾಲಿ ಬಿಟ್ಟಿದ್ದಾನೆ. ಅತ್ತೆ ಎಷ್ಟು ಸೆಂಟು ಕೊಟ್ಟು ಬಿಡಿಸಿಕೊಂಡಳೋ ಅಷ್ಟೂ ಈ ನಾಲ್ಕು ಸಾಲಿಗೆ.

ಇದನ್ನ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, 1844ರಲ್ಲಿ ಬಂದ ಅನುಭವದ ಮೇಲಿನ ಪ್ರಬಂಧದಲ್ಲಿ ಅವನು ಇದೇ ಸಾವಿನ ಬಗ್ಗೆ ಬರೀತಾನೆ, ಮಗ ಸತ್ತು ಎರಡು ವರ್ಷ ಆಯ್ತು, ಒಂದು ಚೆಂದದ ಆಸ್ತಿ ಕಳ್ಕೊಂಡ ಹಾಗಿದೆ, ಅಷ್ಟೇ, ಅಂತ. ಅದನ್ನ ಕಾಲೇಜಿನಲ್ಲಿ ಓದಿದಾಗ ನಂಗೆ ಎದೆ ಝಲ್ ಅಂದಿತ್ತು, ಎಂಥಾ ಕಲ್ಲು ಮನಸ್ಸು ಅನ್ನಿಸಿತ್ತು, ಈಗಲೂ ಅದೊಂದೇ ಸಾಲು ಹಿಡಿದು ಅವನನ್ನ ತಣ್ಣಗಿನ ಮನುಷ್ಯ ಅನ್ನೋರು ಇದ್ದಾರೆ. ಆ ಪ್ರಬಂಧವನ್ನ ಈ ಕಾಗದಗಳ ಪಕ್ಕ ಇಟ್ಟು ಓದ್ಬೇಕು. ದುಃಖ ಮುಟ್ಟಲಿಲ್ಲ ಅಂತಲ್ಲ, ಇಷ್ಟು ದೊಡ್ಡ ದುಃಖವೂ ನನಗೆ ಏನನ್ನೂ ಕಲಿಸದೆ ಹೋಯ್ತಲ್ಲ ಅನ್ನೋದು ಅವನ ಸಂಕಟ. ಒಂದು ತಿಂಗಳಾದ್ಮೇಲೆ ಲಂಡನ್‌ನಲ್ಲಿದ್ದ ಗೆಳೆಯ, ಲೇಖಕ ಕಾರ್ಲೈಲ್‌ಗೆ ಬರೆಯುವಾಗಲೂ ಹೋದ ಹಡಗಿಗೇ ಈ ಕಾಗದ ಕಳಿಸ್ಬೇಕಿತ್ತು, ಆದ್ರೆ ಅದು ಹೊರಡೋ ಹೊತ್ತಿಗೆ ನನ್ನ ಮಗನ ಬದುಕು ಮುಗಿದಿತ್ತು ಅಂತಾನೆ.

ಆ ಮಗುವಿನ ಒಂದು ಫೋಟೋ ಇದೆ, ಡಾಗೆರೋಟೈಪು, ಅಂದ್ರೆ ಬೆಳ್ಳಿ ಲೇಪದ ತಗಡಿನ ಮೇಲೆ ತೆಗೀತಿದ್ದ ಆ ಕಾಲದ ಫೋಟೋ. ಹಿಂದಿನ ವರ್ಷದ ಶರತ್ಕಾಲದಲ್ಲಿ ಎಮರ್ಸನ್ ಗೆಳೆಯ, ಲೇಖಕ ಹೆನ್ರಿ ಥೋರೋನ ಅಣ್ಣ ಜಾನ್ ಥೋರೋ, ತಾನಾಗೇ ಮಗುನ ಕರ್ಕೊಂಡು ಹೋಗಿ ತೆಗೆಸಿದ್ದು. ಆ ಜಾನ್ ಕೂಡ ವಾಲ್ಡೊ ಹೋಗೋಕೆ ಎರಡು ವಾರ ಮುಂಚೆ, ಕೈಗಾದ ಸಣ್ಣ ಗಾಯ ಧನುರ್ವಾಯುವಾಗಿ ತಿರುಗಿ ತೀರಿಕೊಂಡಿದ್ದ. ಹೆನ್ರಿ ಆಗ ಎಮರ್ಸನ್ ಮನೇಲೇ ಇದ್ದವನು. ಒಂದೇ ತಿಂಗಳಲ್ಲಿ ಎರಡು ಸಾವು ಕಂಡ ಆ ಇಬ್ಬರೂ ಆ ಚಳಿಗಾಲ ಹೇಗೆ ಕಳೆದ್ರೋ. ನಾನು ಮಧ್ಯಾಹ್ನವೇ ಫೋಲ್ಡರ್ ವಾಪಸ್ ಕೊಟ್ಟು ಹೊರಗೆ ಬಂದು ಮರದ ಕೆಳಗೆ ಬಹಳ ಹೊತ್ತು ಕೂತಿದ್ದೆ.

ಬುಧವಾರ

ಬೆಳಿಗ್ಗೆ ಲೈಬ್ರರಿಗೆ ಹೋಗೋ ಮುಂಚೆ ಹಾರ್ವರ್ಡ್‌ನ ಪಾದ್ರಿ ಶಾಲೆ ಡಿವಿನಿಟಿ ಸ್ಕೂಲಿನ ಡಿವಿನಿಟಿ ಹಾಲ್ ಕಡೆ ನಡ್ಕೊಂಡು ಹೋದೆ. 1838ರ ಜುಲೈ 15ಕ್ಕೆ ಪಾದ್ರಿ ಓದು ಮುಗಿಸಿದ ಹುಡುಗರ ಮುಂದೆ ಎಮರ್ಸನ್ ಭಾಷಣ ಮಾಡಿದ್ದು ಇಲ್ಲಿನ ಚಾಪೆಲ್‌ನಲ್ಲಿ. ಪವಾಡ ಪವಾಡ ಅಂತ ಹಿಡ್ಕೊಂಡು ಕೂತಿದ್ದೀರಿ, ಯೇಸುವಿನ ವ್ಯಕ್ತಿಯನ್ನ ಪೂಜೆ ಮಾಡ್ತಾ ಅವನು ಹೇಳಿದ್ದನ್ನ ಮರೆತಿದ್ದೀರಿ, ದೇವರು ಇವತ್ತೂ ಮಾತಾಡ್ತಾನೆ, ನಿಮ್ಮೊಳಗೇ ಕೇಳಿಸ್ಕೊಳ್ಳಿ, ಇದು ತಿರುಳು. ಪಾದ್ರಿಗಳೆಲ್ಲ ಕೆರಳಿದ್ರು. ಹಾರ್ವರ್ಡ್ ಅವನನ್ನ ಮತ್ತೆ ಕರೆದು ಗೌರವ ಮಾಡಿದ್ದು 1866ರಲ್ಲಿ. ಈಗ ಅದೇ ಕ್ಯಾಂಪಸ್‌ನಲ್ಲಿ ಫಿಲಾಸಫಿ ಡಿಪಾರ್ಟ್‌ಮೆಂಟ್ ಇರೋ ಕಟ್ಟಡಕ್ಕೆ ಅವನದೇ ಹೆಸರು.

ಆ ಗಲಾಟೆಯಲ್ಲಿ ನಂಗೆ ಮುಖ್ಯ ಅನ್ನಿಸಿದ್ದು ಹೆನ್ರಿ ವೇರ್ ಜೊತೆಗಿನ ಪತ್ರವ್ಯವಹಾರ. ವೇರ್ ಅಂದ್ರೆ ಸೆಕೆಂಡ್ ಚರ್ಚ್‌ನಲ್ಲಿ ಇವನಿಗಿಂತ ಮುಂಚೆ ಇದ್ದ ಹಿರಿಯ ಪಾದ್ರಿ, ಒಂದು ಥರ ಗುರು, ಆಮೇಲೆ ಡಿವಿನಿಟಿ ಸ್ಕೂಲಲ್ಲೇ ಪ್ರೊಫೆಸರ್. ಭಾಷಣದಿಂದ ನೊಂದು, ಅದಕ್ಕೆ ಉತ್ತರದ ಹಾಗೆ ತಾನೊಂದು ಪ್ರವಚನ ಮಾಡಿ, ಅದನ್ನ ಅಚ್ಚು ಹಾಕಿಸಿ, ಪ್ರೀತಿಯಿಂದಲೇ ಎಮರ್ಸನ್‌ಗೆ ಒಂದು ಪ್ರತಿ ಕಳಿಸ್ತಾರೆ. ಅಕ್ಟೋಬರ್ 8ಕ್ಕೆ ಎಮರ್ಸನ್ ಉತ್ತರ ಬರೀತಾನೆ, ನೀವು ಕೇಳೋ ವಾದಗಳು ನನ್ನ ಹತ್ರ ಇಲ್ಲ, ಒಂದು ವಿಚಾರ ಹೇಳೋದಕ್ಕೆ ವಾದ ಅಂದ್ರೆ ಏನು ಅಂತಲೇ ನಂಗೆ ಗೊತ್ತಿಲ್ಲ, ನಾನು ಕಂಡಿದ್ದನ್ನ ಹೇಳ್ತೀನಿ, ಯಾಕೆ ಹೀಗೆ ಅಂತ ಕೇಳಿದ್ರೆ ನನ್ನಷ್ಟು ಅಸಹಾಯಕ ಇನ್ನೊಬ್ಬ ಇಲ್ಲ, ಅಂತ. ಎಷ್ಟು ಮೆತ್ತಗೆ, ಎಷ್ಟು ಗಟ್ಟಿಯಾಗಿ! ಇಬ್ಬರೂ ಸಂಬಂಧ ಕೆಡಿಸಿಕೊಳ್ಳದೆ ಭಿನ್ನಾಭಿಪ್ರಾಯ ಹೇಳಿಕೊಂಡಿದ್ದಾರೆ, ಇವತ್ತು ಧರ್ಮದ ವಿಷಯ ಎತ್ತಿದ್ರೆ ನಮ್ಮ ನಮ್ಮಲ್ಲೇ ಏನಾಗುತ್ತೆ ಅಂತ ಗೊತ್ತಲ್ಲ.

ಅದೇ ವರ್ಷದ ಏಪ್ರಿಲ್ 23ರ ಇನ್ನೊಂದು ಕಾಗದ ಅಧ್ಯಕ್ಷ ವ್ಯಾನ್ ಬ್ಯೂರನ್‌ಗೆ. ಅಮೆರಿಕಾದ ಮೂಲನಿವಾಸಿ ಚೆರೋಕಿ ಜನರನ್ನ ಅವರ ನೆಲದಿಂದ ಒಕ್ಕಲೆಬ್ಬಿಸೋದರ ವಿರುದ್ಧ ಬರೆದ ಬಹಿರಂಗ ಪತ್ರ, ಪೇಪರ್‌ನಲ್ಲೂ ಬಂತು. ಕಾಂಕರ್ಡ್ ಜನ ಒತ್ತಾಯಿಸಿದ್ರು ಅಂತ ಬರೆದಿದ್ದು, ಮನಸ್ಸಿಲ್ಲದೆ ಬರೆದೆ ಅಂತ ಡೈರೀಲಿ ಹೇಳ್ಕೊಂಡಿದ್ದಾನೆ, ಆದ್ರೆ ಕಾಗದ ಓದಿದ್ರೆ ಕಿಡಿ ಹಾರುತ್ತೆ. ಸರ್ಕಾರ ಕೇಳಲಿಲ್ಲ. ಆ ವರ್ಷದ ಬೇಸಿಗೆಯಿಂದ ಸುಮಾರು 16,000 ಜನರನ್ನ ಪಶ್ಚಿಮಕ್ಕೆ ಅಟ್ಟಿದ್ರು, ನಾಲ್ಕು ಸಾವಿರದಷ್ಟು ಜನ ಸತ್ರು ಅನ್ನೋದು ಸಾಮಾನ್ಯವಾಗಿ ಕೊಡೋ ಅಂದಾಜು.

ಇನ್ನು ಕಾರ್ಲೈಲ್ ಪತ್ರಗಳು. ಇವು ಒಂದು ಲೆಕ್ಕದ ಪುಸ್ತಕ ಅಂದ್ರೂ ನಡೆಯುತ್ತೆ! ಅಮೆರಿಕಾದಲ್ಲಿ ಆಗ ವಿದೇಶಿ ಲೇಖಕರಿಗೆ ಕಾಪಿರೈಟ್ ಇರ್ಲಿಲ್ಲ, ಯಾರು ಬೇಕಾದ್ರೂ ಅಚ್ಚು ಹಾಕ್ಬಹುದಿತ್ತು, ಹಾಗಾಗಿ ಎಮರ್ಸನ್ ತಾನೇ ಮುಂದೆ ನಿಂತು ಬಾಸ್ಟನ್‌ನಲ್ಲಿ ಕಾರ್ಲೈಲ್ ಪುಸ್ತಕ ಅಚ್ಚು ಹಾಕಿಸಿ, ಪೇಪರ್ ಖರ್ಚು, ಬೈಂಡಿಂಗ್ ಖರ್ಚು, ಅಂಗಡಿಯವರ ಕಮಿಷನ್ ಎಲ್ಲ ಬರೆದಿಟ್ಟು ಲಾಭನ ಲಂಡನ್‌ಗೆ ಕಳಿಸ್ತಾನೆ. 1838ರಲ್ಲಿ ಮೊದಲ ಕಂತು 50 ಪೌಂಡು. ಬಡತನದಲ್ಲಿದ್ದ ಕಾರ್ಲೈಲ್‌ಗೆ ಅದೆಷ್ಟು ದೊಡ್ಡದಾಗಿತ್ತು ಅಂತ ಅವನ ಉತ್ತರ ಓದಿದ್ರೆ ಗೊತ್ತಾಗುತ್ತೆ. ಸ್ವಂತ ಕಾಲ ಮೇಲೆ ನಿಂತ್ಕೋ, ನನ್ನ ಪ್ರತಿಭೆ ಕರೆದಾಗ ಅಪ್ಪ ಅಮ್ಮ ಹೆಂಡತಿ ಅಣ್ಣತಮ್ಮ ಎಲ್ಲರನ್ನೂ ಬಿಟ್ಟು ಹೋಗ್ತೀನಿ ಅಂತ 1841ರಲ್ಲಿ ಬರೆದವನು ಇದೇ ಮನುಷ್ಯ. ಅವನ ತಾಯಿ 1853ರಲ್ಲಿ ಸಾಯೋ ತನಕ ಅವನ ಮನೇಲೇ ಇದ್ರು. ಅಣ್ಣ ವಿಲಿಯಮ್‌ಗೆ ಸಾಲ, ಬಡ್ಡಿ, ಮಕ್ಕಳ ಕೆಮ್ಮು ನೆಗಡಿ ಅಂತ ತಪ್ಪದೆ ಬರೀತಿದ್ದ. ಆಫೀಸ್ ಗೋಡೆ ಮೇಲೆ ಅವನ ಒಂದೊಂದು ಸಾಲು ಪೋಸ್ಟರ್ ಮಾಡಿ ಹಾಕಿ, ಯಾರ ಹಂಗೂ ಬೇಡ ಅನ್ನೋ ಪಾಠ ಹೇಳೋರು ಈ ಕಾಗದಗಳನ್ನ ಓದ್ಲೇಬೇಕು. ಸ್ವಾವಲಂಬನೆಯ ತತ್ವಜ್ಞಾನಿ ನಿಂತಿದ್ದೇ ಇಷ್ಟೊಂದು ಜನರ ಆಸರೆ ಮೇಲೆ, ಅದನ್ನ ಅವನು ಬಚ್ಚಿಡಲೂ ಇಲ್ಲ.

ಗುರುವಾರ, ಶುಕ್ರವಾರ

ಗುರುವಾರ ಬಾಸ್ಟನ್ ಸುತ್ತಿದೆ. ಅವನು ಹುಟ್ಟಿದ ಸಮ್ಮರ್ ಸ್ಟ್ರೀಟ್‌ನಲ್ಲಿ ಈಗ ಬರೀ ಅಂಗಡಿ ಆಫೀಸು, ಪಾದ್ರಿಯಾಗಿದ್ದ ಚರ್ಚ್ ಕಟ್ಟಡವೂ ಇಲ್ಲ. ಮಳೆ ಬೇರೆ. ಶುಕ್ರವಾರ ಮತ್ತೆ ಹೌಟನ್‌ನಲ್ಲಿ ಕೂತು ರಸ್ಕ್ ಸಂಪುಟಗಳನ್ನ ಪಕ್ಕದಲ್ಲಿ ಇಟ್ಕೊಂಡು ಬಾಕಿ ಇದ್ದದ್ದು ಓದಿದೆ.

ಅದ್ರಲ್ಲಿ ಒಂದು ಹೇಳ್ಲೇಬೇಕು. 1845ರ ಜೂನ್ 17ಕ್ಕೆ ಎಲಿಜಬೆತ್ ಹೋರ್‌ಗೆ ಬರೆದಿದ್ದು. ಈಕೆ ತೀರಿಹೋದ ತಮ್ಮ ಚಾರ್ಲ್ಸ್‌ಗೆ ನಿಶ್ಚಯವಾಗಿದ್ದ ಹುಡುಗಿ, ಮದುವೆಗೆ ಮುಂಚೆಯೇ ಅವನು ಹೋದ, ಆದ್ರೂ ಎಮರ್ಸನ್ ಕೊನೇ ತನಕ ಆಕೆಯನ್ನ ತಂಗಿ ಅಂತಲೇ ಕಂಡ. ಊರಿನ ಸುದ್ದಿ ಹೇಳ್ತಾ, ಇನ್ನೊಂದು ವಿಶೇಷ ಅಂದ್ರೆ ಕಾಂಕರ್ಡ್‌ಗೆ ಭಗವದ್ಗೀತೆ ಬಂದಿದೆ, ಬೌದ್ಧರ ಪ್ರಸಿದ್ಧ ಗ್ರಂಥ, ಅದರ ಭಾಗಗಳನ್ನ ಓದಿ ಮೆಚ್ಚಿದ್ದೆ, ಪುಸ್ತಕ ಕೈಯಲ್ಲಿ ಹಿಡಿದಿದ್ದು ಇದೇ ಮೊದಲು ಅಂತಾನೆ. ಚಾರ್ಲ್ಸ್ ವಿಲ್ಕಿನ್ಸ್ 1785ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಅದು. ಬೌದ್ಧರದ್ದು ಅಂದಿದ್ದು ಆಗಿನ ಅಮೆರಿಕಾದಲ್ಲಿ ಎಷ್ಟು ಕಡಿಮೆ ತಿಳಿದಿತ್ತು ಅನ್ನೋದಕ್ಕೆ ಸಾಕ್ಷಿ. ಆದ್ರೆ ಅಲ್ಲಿಗೇ ಬಿಡಲಿಲ್ಲ ಅವನು, ವಿಷ್ಣು ಪುರಾಣ, ಮನು, ಭಾಗವತ ಅಂತ ಹುಡುಕಿ ಓದ್ತಾ ಹೋದ, 1857ರಲ್ಲಿ ಅವನ 'ಬ್ರಹ್ಮ' ಪದ್ಯ ಅಚ್ಚಾಯ್ತು, 1873ರಲ್ಲಿ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್‌ಗೆ ಬರೆದ ಕಾಗದದಲ್ಲಿ ಈ ಪುಸ್ತಕಗಳ ಹೆಸರನ್ನೆಲ್ಲ ಪ್ರೀತಿಯಿಂದ ಎಣಿಸ್ತಾನೆ.

ಶನಿವಾರ

ಕಾಂಕರ್ಡ್‌ಗೆ ಅಕ್ಕ, ಭಾವ, ಮಾವನವರು ಎಲ್ಲ ಬಂದ್ರು. ಎಮರ್ಸನ್ 1835ರಲ್ಲಿ 3,500 ಡಾಲರ್‌ಗೆ ಕೊಂಡ ಬಿಳಿ ಮನೆ ರಸ್ತೆ ಪಕ್ಕದಲ್ಲೇ ಇದೆ, ವರ್ಷದಲ್ಲಿ ಕೆಲವು ತಿಂಗಳು ಒಳಗೆ ಬಿಡ್ತಾರೆ. ಅವನು ಬರೀತಿದ್ದ ಕೋಣೆಯ ಅಸಲಿ ಸಾಮಾನು, ಪುಸ್ತಕ, ದುಂಡು ಮೇಜು ಎಲ್ಲ ಎದುರುಗಡೆ ಕಾಂಕರ್ಡ್ ಮ್ಯೂಸಿಯಮ್‌ನಲ್ಲಿದೆ, ಕೋಣೆ ಇದ್ದ ಹಾಗೇ ಜೋಡಿಸಿದ್ದಾರೆ. ಮಾವನವರು ಆ ಮೇಜಿನ ಮುಂದೆ ಕೈ ಹಿಂದೆ ಕಟ್ಕೊಂಡು ನಿಂತು, "ಇಲ್ಲಿಂದ ಅಂಚೆ ಕಚೇರಿ ಎಷ್ಟು ದೂರ ಇತ್ತಂತೆ?" ಅಂದ್ರು. ಅವನು ದಿನಾ ನಡ್ಕೊಂಡೇ ಹೋಗಿ ಬರೋ ಅಷ್ಟು ಸಣ್ಣ ಊರು ಮಾವ ಅಂದೆ.

1872ರ ಜುಲೈ 24ರ ಬೆಳಗಿನ ಜಾವ ಈ ಮನೆಗೆ ಬೆಂಕಿ ಬಿತ್ತು. ಎಮರ್ಸನ್ ಗೇಟಿನ ಹತ್ರ ಓಡಿ ಬಂದು ಕೂಗಿದಾಗ ಅಕ್ಕಪಕ್ಕದವರೆಲ್ಲ ಬಂದು ಪುಸ್ತಕ, ಹಸ್ತಪ್ರತಿ, ಕಾಗದದ ಕಟ್ಟು ಎಲ್ಲ ಹೊರಗೆ ಸಾಗಿಸಿದ್ರು. ಹೌಟನ್‌ನಲ್ಲಿ ನಾನು ಮುಟ್ಟಿ ಓದಿದ ಹಾಳೆಗಳು ಉಳಿದಿರೋದು ಈ ಊರಿನ ಜನರಿಂದ. ಗೆಳೆಯರು ಹತ್ತು ಸಾವಿರ ಡಾಲರ್‌ಗೂ ಮೇಲೆ ಕೂಡಿಸಿ ಮನೆ ಮತ್ತೆ ಕಟ್ಟಿಸಿದ್ರು, ಇವನನ್ನ ಯುರೋಪು ಈಜಿಪ್ಟು ನೋಡಿ ಬಾ ಅಂತ ಕಳಿಸಿದ್ರು, 1873ರಲ್ಲಿ ವಾಪಸ್ ಬಂದಾಗ ಊರೇ ಗಂಟೆ ಬಾರಿಸಿ ಬ್ಯಾಂಡ್ ಸಮೇತ ಎದುರುಗೊಂಡಿತು.

ಅಷ್ಟು ಹೊತ್ತಿಗೆ ಮರೆವು ಶುರುವಾಗಿತ್ತು. ವಸ್ತುಗಳ ಹೆಸರೇ ಬರ್ತಿರ್ಲಿಲ್ಲ, ಕೊಡೆ ಅನ್ನೋಕೆ ಆಗದೆ ಅದರ ಹೆಸರು ಗೊತ್ತಿಲ್ಲ, ಚರಿತ್ರೆ ಗೊತ್ತು, ಬಂದವರು ತಗೊಂಡು ಹೋಗ್ತಾರಲ್ಲ ಅದು, ಅಂದಿದ್ದನಂತೆ. ಕಾಗದದ ಕೆಲಸನೆಲ್ಲ ಮಗಳು ಎಲೆನ್ ನೋಡ್ಕೊಂಡಳು. ಮೊದಲ ಹೆಂಡತಿಯ ಹೆಸರೇ ಈ ಮಗಳಿಗೆ, ಇಟ್ಟಿದ್ದು ಲಿಡಿಯನ್. ಅದನ್ನ ಹೇಳಿದಾಗ ಅಕ್ಕ "ಎಂಥಾ ಹೆಂಗಸು ನೋಡು" ಅಂತ ಆ ಲಿಡಿಯನ್ ಕೋಣೆಗೆ ಇನ್ನೊಂದು ಸಲ ಹೋಗಿ ಬಂದಳು.

ಸಂಜೆ ಸ್ಲೀಪಿ ಹಾಲೋ ಸ್ಮಶಾನಕ್ಕೆ ಹೋದ್ವಿ. ಥೋರೋ, ಆಲ್ಕಾಟ್, ಕಾದಂಬರಿಕಾರ ಹಾಥಾರ್ನ್ ಎಲ್ಲರೂ ಅಲ್ಲೇ ಒಂದು ದಿಬ್ಬದ ಮೇಲಿದ್ದಾರೆ, ಎಮರ್ಸನ್‌ಗೆ ಕೆತ್ತದೇ ಇರೋ ದೊಡ್ಡ ಗುಲಾಬಿ ಕ್ವಾರ್ಟ್ಜ್ ಬಂಡೆ. ತಾಯಿಯನ್ನೂ ಪುಟ್ಟ ವಾಲ್ಡೊನನ್ನೂ 1857ರಲ್ಲಿ ಇಲ್ಲಿಗೆ ತಂದಿದ್ದು.

ಓದ್ಬೇಕು ಅನ್ನೋರು ಕಾರ್ಲೈಲ್ ಪತ್ರಗಳಿಂದ ಶುರು ಮಾಡಿ, ಚಾರ್ಲ್ಸ್ ಎಲಿಯಟ್ ನಾರ್ಟನ್ 1883ರಲ್ಲಿ ತಂದ ಎರಡು ಸಂಪುಟ ಇಂಟರ್‌ನೆಟ್‌ನಲ್ಲಿ ಫ್ರೀಯಾಗೇ ಸಿಗುತ್ತೆ. ಮಾವನವರಿಗೆ ಅವರ ಟ್ಯಾಬ್‌ಗೆ ಹಾಕ್ಕೊಟ್ಟು ಬಂದಿದೀನಿ, 1836ರ ತನಕ ಬಂದಿದ್ದಾರೆ, ಹಡಗಿನ ಅಂಚೆಗೆ ಎಷ್ಟು ದಿನ ಹಿಡೀತಿತ್ತು ಅಂತ ತಾರೀಖು ಜೋಡಿಸಿ ಒಂದು ಪಟ್ಟಿ ಮಾಡ್ತಿದ್ದಾರೆ. ನಂಗೆ ಬಾಕಿ ಇರೋದು ಮೇರಿ ಅತ್ತೆಯ ದಿನಚರಿಗಳು, ಆಕೆ ಐವತ್ತು ವರ್ಷ ಬರೆದು ಕೈಯಾರೆ ಹೊಲಿದಿಟ್ಟ ಹಾಳೆಗಳು, ಅಂಚು ಆ ಬೆಂಕೀಲಿ ಸುಟ್ಟಿದೆ, ಅವೂ ಹೌಟನ್‌ನಲ್ಲೇ ಇವೆ. ಮುಂದಿನ ವರ್ಷದ ರಜ ಅವಕ್ಕೇ.